"ಹಳೆ ಮನೆ ಅಂದ್ರೆ ಹೀಗೇನೆ" ಅನ್ನುವ ಉತ್ತರ ನನಗೆ ಬೇಡ: ಸೋರುವ ಶವರ್ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಬಾತ್‌ರೂಮ್ ನವೀಕರಣ ವಿಭಾಗ

ವಿಷಯ: ಮಹಡಿಯ ಬಾತ್‌ರೂಮಿನಲ್ಲಿ ಟಬ್ ತೆಗೆದು ಮಾಡಿಕೊಟ್ಟ ಶವರ್ ಸೋರುತ್ತಿರುವುದು, ಮೂರು ಸಲ ಸಿಲಿಕಾನ್ (ಸಂದು ಮುಚ್ಚುವ ರಬ್ಬರಿನಂಥ ಅಂಟು) ಹಚ್ಚಿದರೂ ನಿಲ್ಲದಿರುವುದು.

ಮಾನ್ಯರೇ,

ನೀವು ನಮ್ಮ ಮನೆಯ ಶವರ್ ಕೆಲಸ ಮುಗಿಸಿ 5 ತಿಂಗಳಾಯಿತು. ಈ 5 ತಿಂಗಳಲ್ಲಿ ನಾನು ಫೋನ್ ಮಾಡಿದ್ದು 11 ಸಲ. ನಿಮ್ಮವರು ಬಂದದ್ದು 3 ಸಲ. ಮೂರು ಸಲವೂ ಮೂಲೆಗೆ ಸಿಲಿಕಾನ್ ಹಚ್ಚಿದರು, ಬೆರಳಲ್ಲಿ ಸವರಿದರು, ಫೋಟೊ ತೆಗೆದುಕೊಂಡು ಹೋದರು. ಕೆಳಗಿನ ಕೋಣೆಯ ಚಾವಣಿಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಲೇ ಇದೆ. ಇದನ್ನು ಬರೆಯುವಾಗಲೂ ಕೆಳಗೊಂದು ಬಕೆಟ್ ಇಟ್ಟೇ ಬಂದಿದ್ದೇನೆ.

ಕೇಳಿದಾಗಲೆಲ್ಲ ನಿಮ್ಮ ಮೇಲ್ವಿಚಾರಕರದು ಒಂದೇ ಉತ್ತರ: "ಸರ್, ಹಳೆ ಮನೆ ಅಂದ್ರೆ ಹೀಗೇನೆ." ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮೊದಲು ಇದನ್ನೇ ಇತ್ಯರ್ಥ ಮಾಡಿಬಿಡುತ್ತೇನೆ.

ಹೌದು, ಮನೆ ಹಳೆಯದು. 1984ರಲ್ಲಿ ಕಟ್ಟಿದ್ದು. ಊರ ಹೊರಗಿನ ಬಡಾವಣೆಯಲ್ಲಿ ಆಗ ಕಟ್ಟಿದ ಮನೆಗಳೆಲ್ಲ ಹೆಚ್ಚುಕಡಿಮೆ ಒಂದೇ ನಮೂನೆ. ಮಹಡಿಯಲ್ಲಿ ಒಂದು ಸಣ್ಣ ಬಾತ್‌ರೂಮ್, ಅದರಲ್ಲೊಂದು ಟಬ್, ಟಬ್ಬಿನ ತಲೆ ಮೇಲೆ ಒಂದು ಶವರ್. ನಮ್ಮ ಮಕ್ಕಳು ಬೆಳೆದದ್ದು ಅದೇ ಟಬ್ಬಿನಲ್ಲಿ. ಅಷ್ಟು ವರ್ಷ ಕೆಳಗಿನ ಚಾವಣಿಗೆ ಒಂದು ಕಲೆ ಬಿದ್ದಿರಲಿಲ್ಲ. ನೀವು ಟಬ್ ಕಿತ್ತು ಹೋದ ಮೂರನೇ ವಾರಕ್ಕೆ ಅಂಗೈ ಅಗಲದ ಹಳದಿ ಕಲೆ ಕಾಣಿಸಿತು. ಈಗ ಅದು ಊಟದ ತಟ್ಟೆಗಿಂತ ದೊಡ್ಡದಾಗಿದೆ, ಬಣ್ಣ ಹಕ್ಕಳೆ ಎದ್ದು ಉದುರುತ್ತಿದೆ.

ಇನ್ನೊಂದು ವಿಷಯ. ನೀವು ಕೊಟ್ಟ ಅಂದಾಜು ಪಟ್ಟಿಯ ಎರಡನೇ ಪುಟ ತೆಗೆದು ನೋಡಿ. "ಹಳೆ ಮನೆಯ ಹೆಚ್ಚುವರಿ ಕೆಲಸ" ಅಂತ ಒಂದು ಸಾಲು ಇದೆ. ಅದಕ್ಕೆ ಬೇರೆಯೇ ಮೊತ್ತ ಹಾಕಿದ್ದೀರಿ, ನಾನು ಚೌಕಾಸಿ ಮಾಡದೆ ಕೊಟ್ಟಿದ್ದೇನೆ. ಮನೆ ಹಳೆಯದು ಅನ್ನುವುದಕ್ಕೆ ದುಡ್ಡು ತಗೊಂಡ ಮೇಲೆ, ಅದನ್ನೇ ನೆಪ ಮಾಡುವುದು ಯಾವ ನ್ಯಾಯ?

ಈಗ ಸೋರಿಕೆಯ ವಿಷಯಕ್ಕೆ ಬರುತ್ತೇನೆ. "ನಿನ್ನೆಯಿಂದ ಯಾರೂ ಸ್ನಾನ ಮಾಡಿಲ್ಲ ಅಂತೀರಿ, ಆದರೂ ತೊಟ್ಟಿಕ್ಕುತ್ತೆ, ಹಾಗಾದ್ರೆ ಇದು ನಿಮ್ಮ ಹಳೆ ಪೈಪಿನದ್ದೇ" ಎಂದು ಎರಡನೇ ಸಲ ಬಂದವರು ಹೇಳಿದರು. ಮಾತು ಕೇಳಲು ಸರಿಯಾಗಿಯೇ ಇತ್ತು, ನಾನೂ ಎರಡು ದಿನ ನಂಬಿದೆ. ಆಮೇಲೆ ಅನುಮಾನ ಬಂದು, ನಿಮಗೂ ನನಗೂ ಸಂಬಂಧವಿಲ್ಲದ ಒಬ್ಬ ಹಿರಿಯ ಪ್ಲಂಬರನ್ನು ಕರೆಸಿದೆ. ಅವರು ಏನನ್ನೂ ಒಡೆಯಲಿಲ್ಲ. ಒಂದು ಬೆಳಗ್ಗೆ ಪೂರ್ತಿ ಕೂತು, ಒಂದೊಂದೇ ಅನುಮಾನವನ್ನು ಪಕ್ಕಕ್ಕೆ ಸರಿಸುತ್ತಾ ಹೋದರು.

ಮೊದಲು ಮನೆಯ ಎಲ್ಲ ನಲ್ಲಿ ಬಂದ್ ಮಾಡಿಸಿ ನೀರಿನ ಮೀಟರ್ ಮುಂದೆ ನಿಂತರು. ಒಂದು ಗಂಟೆ ಮುಳ್ಳು ಅಲುಗಲಿಲ್ಲ. ಒತ್ತಡದಲ್ಲಿ ನೀರು ತುಂಬಿಕೊಂಡಿರುವ ಪೈಪು ಗೋಡೆಯೊಳಗೆ ಸೋರುತ್ತಿದ್ದರೆ ಮೀಟರ್ ತಿರುಗಲೇಬೇಕು, ಅಲ್ವಾ? ಅಲ್ಲಿಗೆ ಹಳೆ ಪೈಪಿನ ಮೇಲಿನ ಆರೋಪ ಹೋಯಿತು. ಆಮೇಲೆ ನೆಲದಲ್ಲಿ ನೀರು ಹೊರಹೋಗುವ ಬಾಯಿಯ ಜಾಲರಿ ತೆಗೆದು, ಆಲಿಕೆ ಇಟ್ಟು, ನೆಲಕ್ಕೆ ಒಂದು ಹನಿ ಬೀಳದ ಹಾಗೆ ನೇರ ಪೈಪಿಗೇ ಆರು ಬಕೆಟ್ ನೀರು ನಿಧಾನವಾಗಿ ಸುರಿದರು. ಕೆಳಗೆ ಹನಿ ಜಾಸ್ತಿಯಾಗಲಿಲ್ಲ. ಹಾಗಾದರೆ ಹೊರಹೋಗುವ ಪೈಪೂ ಸೋರುತ್ತಿಲ್ಲ. ಕೊನೆಗೆ ಜಾಲರಿಯ ಬಾಯಿಗೆ ಬಿರಡೆ ಹಾಕಿ, ಶವರಿನ ನೆಲದ ಮೇಲೆ 3 ಸೆಂ.ಮೀ. ನೀರು ನಿಲ್ಲಿಸಿ, ಗೋಡೆ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಮೂರು ಗಂಟೆಯಲ್ಲಿ ನೀರು ಗೆರೆಯಿಂದ 4 ಮಿ.ಮೀ. ಕೆಳಗಿಳಿಯಿತು. ಕೆಳಗೆ ತೊಟ್ಟಿಕ್ಕುವುದು ಜೋರಾಯಿತು.

4 ಮಿ.ಮೀ. ಅಷ್ಟೇ ತಾನೇ ಅನ್ನಬೇಡಿ. ನಮ್ಮ ಶವರಿನ ನೆಲ 90 ಸೆಂ.ಮೀ. ಅಗಲ, 150 ಸೆಂ.ಮೀ. ಉದ್ದ ಇದೆ. ಅಷ್ಟು ಜಾಗದಲ್ಲಿ 4 ಮಿ.ಮೀ. ಅಂದರೆ 5 ಲೀಟರಿಗಿಂತ ಜಾಸ್ತಿ ನೀರು. ಮೂರು ಗಂಟೆಯಲ್ಲಿ ಅಷ್ಟು ನೀರು ಆವಿಯಾಗಿ ಹೋಗುವುದಿಲ್ಲ. ಟೈಲ್ಸ್ ಕೆಳಗೆ ಇಳಿದಿದೆ.

ಸ್ನಾನ ಮಾಡದ ದಿನವೂ ಏಕೆ ತೊಟ್ಟಿಕ್ಕುತ್ತದೆ ಅನ್ನುವುದಕ್ಕೂ ಅವರೇ ಉತ್ತರ ಕೊಟ್ಟರು. ಟೈಲ್ಸ್ ಕೆಳಗಿನ ಗಾರೆ ಸ್ಪಂಜಿನ ಹಾಗೆ ನೀರು ಕುಡಿದು ಕೂತಿದೆ. ಒಂದು ದಿನ ಬಿಟ್ಟರೂ ಅದು ನಿಧಾನಕ್ಕೆ ಬಿಡುತ್ತಲೇ ಇರುತ್ತದೆ. ಟೈಲ್ಸ್ ನಡುವಿನ ಸಿಮೆಂಟ್ ಗ್ರೌಟ್ ನೀರನ್ನು ಪೂರ್ತಿ ತಡೆಯುವ ವಸ್ತುವೇ ಅಲ್ಲ. ನೀರು ತಡೆಯಬೇಕಾದದ್ದು ಅದರ ಕೆಳಗಿನ ವಾಟರ್‌ಪ್ರೂಫಿಂಗ್ ಪದರ. ಆ ಪದರವೇ ಸರಿಯಿಲ್ಲದಾಗ ಮೇಲೆ ಎಷ್ಟು ಸಿಲಿಕಾನ್ ಹಚ್ಚಿದರೂ, ಒಳಗೆ ಸೇರಿದ ನೀರಿಗೆ ಮೇಲಿನ ದಾರಿ ಮುಚ್ಚಿದ ಹಾಗಾಗುತ್ತದೆ. ಅದು ನಮ್ಮ ಚಾವಣಿಯ ದಾರಿಯನ್ನೇ ಹಿಡಿಯುತ್ತದೆ. ಆ ಚಾವಣಿಯೊಳಗೆ ಕಬ್ಬಿಣದ ಕಂಬಿಗಳಿವೆ. ಕಂಬಿ ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿದರೆ ಕಾಂಕ್ರೀಟ್ ಸೀಳುತ್ತದೆ. ಈ ಕೆಲಸ ಮುಂದೂಡಲು ನಾನು ಒಪ್ಪದಿರುವುದು ಅದಕ್ಕೇ.

ಆ ಪದರ ಏಕೆ ಸರಿಯಿಲ್ಲ ಅನ್ನುವುದು ನನಗೆ ಗೊತ್ತು. ನಾನು ಅಲ್ಲೇ ಇದ್ದೆ.

ಕೆಲಸದ ನಾಲ್ಕನೇ ದಿನ ಸಂಜೆ ವಾಟರ್‌ಪ್ರೂಫಿಂಗ್ ಬಳಿದರು. ನಿಮ್ಮ ಅಂದಾಜು ಪಟ್ಟಿಯಲ್ಲಿ "ಎರಡು ಕೋಟಿಂಗ್, ನಡುವೆ ಒಣಗಲು ಸಮಯ" ಎಂದಿದೆ. ಬಳಿದದ್ದು ಒಂದೇ ಕೋಟಿಂಗ್. ಬಿಲ್ಲಿನಲ್ಲಿ ಎರಡು ಡಬ್ಬ ಇದೆ, ಮನೆಗೆ ಬಂದದ್ದು ಒಂದು ಡಬ್ಬ. ಖಾಲಿ ಡಬ್ಬ ಇವತ್ತಿಗೂ ನಮ್ಮ ಹಿತ್ತಲಲ್ಲಿ ಬಿದ್ದಿದೆ, ಬೇಕಾದರೆ ಬಂದು ನೋಡಿ. ಗೋಡೆ ಮತ್ತು ನೆಲ ಸೇರುವ ಮೂಲೆಗೆ ಬಟ್ಟೆಯಂಥ ಪಟ್ಟಿ ಅಂಟಿಸಬೇಕಿತ್ತು, ಏಕೆಂದರೆ ಬಿರುಕು ಬಿಡುವುದು ಮೊದಲು ಅಲ್ಲೇ. ಅದನ್ನು ಎರಡು ಮೂಲೆಗೆ ಮಾತ್ರ ಹಾಕಿದರು. ಉಳಿದದ್ದಕ್ಕೆ "ಸ್ಟಾಕ್ ಇಲ್ಲ" ಎಂದರು. ಮಾರನೇ ದಿನ ಬೆಳಗ್ಗೆ 9 ಗಂಟೆಗೆ ಟೈಲ್ಸ್ ಕೂರಿಸಲು ಶುರು ಮಾಡಿದರು.

ನಾನು ಸುಮ್ಮನಿರಲಿಲ್ಲ. "ಟೈಲ್ಸ್ ಹಾಕುವ ಮುಂಚೆ 24 ಗಂಟೆ ನೀರು ನಿಲ್ಲಿಸಿ ನೋಡಬೇಕಲ್ವಾ?" ಎಂದು ಕೇಳಿದೆ. ಇದು ನಾನು ಹುಟ್ಟಿಸಿದ ಶರತ್ತಲ್ಲ, ನಿಮ್ಮ ಪಟ್ಟಿಯಲ್ಲೇ ಬರೆದಿರುವುದು. ಮೇಲ್ವಿಚಾರಕರು ನಕ್ಕು, "ಒಂದು ದಿನ ಸುಮ್ನೆ ಹಾಳು ಸರ್, ನಮ್ಮ ಕೆಲಸ ಯಾವತ್ತೂ ಸೋರಿಲ್ಲ" ಎಂದರು. ಆ ಒಂದು ದಿನ ಉಳಿಸಲು ಹೋಗಿ 5 ತಿಂಗಳು ಕಳೆದಿದೆ. ಅವತ್ತು ಗಟ್ಟಿಯಾಗಿ ನಿಲ್ಲಲಿಲ್ಲವಲ್ಲ ಅಂತ ನನ್ನ ಮೇಲೂ ನನಗೆ ಸಿಟ್ಟಿದೆ, ಅದು ಬೇರೆ ಮಾತು.

ಟೈಲ್ಸ್ ಕೂರಿಸಿದ ಹುಡುಗನನ್ನು ನಾನು ದೂರುವುದಿಲ್ಲ. ಅವನ ಕೈ ಚೆನ್ನಾಗಿದೆ. ಗೆರೆ ನೇರ, ಅಂಚು ಸಮ. ಆದರೆ 60 ಸೆಂ.ಮೀ. ಚೌಕದ ದೊಡ್ಡ ಟೈಲ್ಸ್ ಕೊಟ್ಟು, ಗೋಡೆ ಬಿಟ್ಟು ಒಳಗಿರುವ ಜಾಲರಿಗೆ ನಾಲ್ಕೂ ಕಡೆಯಿಂದ ವಾಟ (ನೀರು ಹರಿಯುವ ಇಳಿಜಾರು) ಕೊಡು ಅಂದರೆ ಅವನಾದರೂ ಏನು ಮಾಡಿಯಾನು? ಅಷ್ಟು ದೊಡ್ಡ ಟೈಲ್ಸ್ ಬಾಗುವುದಿಲ್ಲ. ಕರ್ಣಕ್ಕೆ ಕತ್ತರಿಸಬೇಕು, ಇಲ್ಲವೇ ನೆಲಕ್ಕೆ ಸಣ್ಣ ಟೈಲ್ಸ್ ಬಳಸಬೇಕು, ಅದೂ ಬೇಡ ಅಂದರೆ ಗೋಡೆ ಪಕ್ಕ ಉದ್ದನೆ ಜಾಲರಿ ಇಟ್ಟು ಇಡೀ ನೆಲವನ್ನು ಒಂದೇ ಕಡೆಗೆ ಇಳಿಜಾರು ಮಾಡಬೇಕು. ಆಯ್ಕೆ ಮಾಡುವಾಗ ನಿಮ್ಮ ಮಳಿಗೆಯವರು ಇದರಲ್ಲಿ ಒಂದನ್ನೂ ಹೇಳಲಿಲ್ಲ. "ದೊಡ್ಡ ಟೈಲ್ಸ್ ಹಾಕಿದ್ರೆ ರೂಮ್ ದೊಡ್ಡದಾಗಿ ಕಾಣುತ್ತೆ" ಎಂದಷ್ಟೇ ಹೇಳಿದರು. ಕಾಣುತ್ತೆ, ಸುಳ್ಳಲ್ಲ.

ಮೀಟರಿಗೆ 2 ಸೆಂ.ಮೀ. ವಾಟ ಇರಬೇಕು. ದೂರದ ಗೋಡೆಯಿಂದ ಜಾಲರಿಗೆ ಸರಿಯಾಗಿ 1 ಮೀಟರ್. ರಸಮಟ್ಟ ಇಟ್ಟು ಅಳೆದರೆ ತಗ್ಗಿರುವುದು 6 ಮಿ.ಮೀ. ಎಡಗಡೆ ಮೂಲೆಯಲ್ಲಿ ವಾಟ ತಿರುಗುಮುರುಗಾಗಿದೆ. ಅಲ್ಲಿ ಗೋಲಿ ಬಿಟ್ಟರೆ ಜಾಲರಿ ಕಡೆ ಬರದೆ ಗೋಡೆ ಕಡೆಗೆ ಓಡುತ್ತದೆ. ನೀರೂ ಅಲ್ಲೇ ನಿಲ್ಲುತ್ತದೆ, ಬೂಷ್ಟು ಹಿಡಿದಿದೆ. ನಿಮ್ಮವರು ಮೂರು ಸಲ ಸಿಲಿಕಾನ್ ಹಚ್ಚಿದ್ದು ಇದೇ ಮೂಲೆಗೆ.

ಹೊರಹೋಗುವ ಪೈಪಿನ ಮಾತೂ ಇದೆ. ಟಬ್ಬಿಗಿದ್ದ 40 ಮಿ.ಮೀ. ಪೈಪಿಗೇ ಹೊಸ ಜಾಲರಿ ಜೋಡಿಸಿದ್ದೀರಿ. ಟಬ್ಬಿಗೆ ಅದು ಸಾಕಿತ್ತು, ಏಕೆಂದರೆ ಟಬ್ ನೀರನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ. ಶವರಿನ ನೆಲದಲ್ಲಿ ಹಿಡಿದಿಡಲು ಜಾಗವಿಲ್ಲ, ಬಿದ್ದ ನೀರು ಬಿದ್ದ ಹಾಗೆ ಹೋಗಬೇಕು. ಅದಕ್ಕೇ ಅಂದಾಜು ಪಟ್ಟಿಯಲ್ಲಿ 50 ಮಿ.ಮೀ. ಪೈಪು ಬರೆದಿದ್ದೀರಿ. ಹಾಕಲಿಲ್ಲ. ನೀವು ಕೊಟ್ಟ ದೊಡ್ಡ ಶವರ್ 10 ಲೀಟರ್ ಬಕೆಟನ್ನು 50 ಸೆಕೆಂಡಿನಲ್ಲಿ ತುಂಬಿಸುತ್ತದೆ, ಅಂದರೆ ನಿಮಿಷಕ್ಕೆ 12 ಲೀಟರ್. ಹತ್ತು ನಿಮಿಷ ನಿಂತರೆ ಪಾದ ಮುಳುಗುತ್ತದೆ.

ನಲ್ಲಿಯ ಕಡೆ ಬಂದರೆ, ಗೋಡೆಯೊಳಗಿನ ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ್ದು) ಪೂರ್ತಿ ಬದಲಿಸುವುದಾಗಿ ಒಪ್ಪಿ, ಕೈಗೆ ಸಿಕ್ಕಷ್ಟು ಕತ್ತರಿಸಿ ಅಲ್ಲಿಂದ ಹೊಸ ಪೈಪು ಜೋಡಿಸಿದ್ದೀರಿ. ಬೆಳಗ್ಗೆ ಮೊದಲ ನೀರು ತುಕ್ಕಿನ ಬಣ್ಣದಲ್ಲಿ ಬರುತ್ತದೆ. ಜೋಡಿಸಿದ ಜಾಗದ ಫೋಟೊ ನನ್ನ ಬಳಿ ಇದೆ. ನೀರಿನ ಬಿಸಿ ಒಮ್ಮೆಲೇ ಏರದಂತೆ ತಡೆಯುವ ಮಿಕ್ಸರ್ (ಬಿಸಿನೀರು, ತಣ್ಣೀರು ಬೆರೆಸುವ ನಲ್ಲಿ) ಕೊಡುತ್ತೇವೆ ಎಂದಿರಿ, ಸಾಮಾನ್ಯದ್ದು ಹಾಕಿದಿರಿ. ಕೆಳಗೆ ಯಾರಾದರೂ ಫ್ಲಶ್ ಮಾಡಿದರೆ ಮೇಲೆ ಸ್ನಾನ ಮಾಡುವವರ ಮೈ ಸುಡುತ್ತದೆ. ಗೀಸರಿನ ನೀರು 60 ಡಿಗ್ರಿ ಇದ್ದರೆ ಚರ್ಮ ಸುಡಲು ಕೆಲವೇ ಸೆಕೆಂಡು ಸಾಕು. ಸ್ನಾನ ಮಾಡುವವರು ನಮ್ಮ ತಾಯಿ, ವಯಸ್ಸು 76. ಥಟ್ಟನೆ ಪಕ್ಕಕ್ಕೆ ಸರಿಯುವ ಮಂಡಿಯಲ್ಲ ಅವರದು.

ನಿಜ ಹೇಳಬೇಕೆಂದರೆ ಇಷ್ಟೆಲ್ಲ ಮಾಡಿಸಿದ್ದೇ ಅವರಿಗಾಗಿ. ಟಬ್ಬಿನ ಅಂಚು ದಾಟಲು ಆಗದೆ ಒಂದು ಸಲ ಜಾರಿದ್ದರು. ಆ ಟಬ್ ನನಗೇನೂ ಬೇಸರ ತಂದಿರಲಿಲ್ಲ. ಹಿಡಿದುಕೊಳ್ಳಲು ಗೋಡೆಗೆ ಸ್ಟೀಲ್ ಹಿಡಿಕೆ ಬೇಕು ಎಂದು ಮೊದಲ ದಿನವೇ ಹೇಳಿದ್ದೆ. ಹಾಕಿದ್ದೀರಿ. ಆದರೆ ನಮ್ಮ ಗೋಡೆಯ ಹಳೆ ಗಾರೆ ದಪ್ಪ, ನಿಮ್ಮ ಸ್ಕ್ರೂ ಗಿಡ್ಡ. ಇಟ್ಟಿಗೆವರೆಗೆ ಹೋಗಿಯೇ ಇಲ್ಲ. ಎರಡನೇ ವಾರಕ್ಕೇ ಹಿಡಿಕೆ ಅಲ್ಲಾಡಿತು. ಈಗ ಅಮ್ಮ ಕೆಳಗಿನ ಬಾತ್‌ರೂಮಿನಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಚೊಂಬಿನಲ್ಲಿ ಸ್ನಾನ ಮಾಡುತ್ತಾರೆ. ಹೊಸ ಶವರ್ ಹೇಗಿದೆ ಎಂದು ನೆಂಟರು ಕೇಳಿದರೆ "ನೋಡೋಕೆ ಚೆನ್ನಾಗಿದೆ" ಅನ್ನುತ್ತಾರೆ.

ನನಗೆ ಬೇಕಾದದ್ದು ಇಷ್ಟು. ಶವರಿನ ನೆಲದ ಟೈಲ್ಸ್ ಪೂರ್ತಿ, ಗೋಡೆಯ ಟೈಲ್ಸಿನಲ್ಲಿ ತೀರ ಕೆಳಗಿನ ಒಂದು ಸಾಲು ತೆಗೆಯಬೇಕು. ನೆನೆದ ಗಾರೆ ತೆಗೆದು, ಚೆನ್ನಾಗಿ ಒಣಗಲು ಬಿಡಬೇಕು. 50 ಮಿ.ಮೀ. ಪೈಪು ಹಾಕಿ, ಸರಿಯಾದ ವಾಟ ಕೊಟ್ಟು, ಎಲ್ಲ ಮೂಲೆಗೂ ಬಟ್ಟೆಯಂಥ ಪಟ್ಟಿ ಅಂಟಿಸಿ, ಎರಡು ಕೋಟಿಂಗ್ ಬಳಿಯಬೇಕು. ಜಾಲರಿಯ ಸುತ್ತ ವಿಶೇಷ ಗಮನ ಕೊಡಬೇಕು. ಅದಾದ ಮೇಲೆ 24 ಗಂಟೆ ನೀರು ನಿಲ್ಲಿಸಿ, ನಾನು ಕೆಳಗಿನ ಚಾವಣಿ ನೋಡಿ ಒಪ್ಪಿದ ಮೇಲಷ್ಟೇ ಟೈಲ್ಸ್. ಈ ಸಲ ನೆಲಕ್ಕೆ ಸಣ್ಣ ಟೈಲ್ಸ್, ಜಾರದಂಥವು. ಜಿಐ ಪೈಪು, ಮಿಕ್ಸರ್, ಹಿಡಿಕೆ ಮೂರನ್ನೂ ಒಪ್ಪಂದದಲ್ಲಿ ಇರುವಂತೆ ಬದಲಿಸಿ. ಕೆಳಗಿನ ಚಾವಣಿಗೆ ಬಣ್ಣ ಹೊಡೆಯಲು ಅವಸರ ಬೇಡ. ಅದು ಒಣಗುವ ಮುಂಚೆ ಹೊಡೆದರೆ ಮತ್ತೆ ಹಕ್ಕಳೆ ಏಳುತ್ತದೆ. ಇದಕ್ಕೆಲ್ಲ ನಾನು ಬೇರೆ ದುಡ್ಡು ಕೊಡುವುದಿಲ್ಲ. ತಡೆಹಿಡಿದಿರುವ ಕೊನೆ ಕಂತನ್ನು ನೀರು ನಿಲ್ಲಿಸಿದ ಪರೀಕ್ಷೆ ಮುಗಿದ ದಿನವೇ ಕೊಡುತ್ತೇನೆ.

15 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ. ಫೋನಿನಲ್ಲಿ ಕೊಟ್ಟ ಮಾತು ಸಾಕಷ್ಟು ಕೇಳಿದ್ದೇನೆ. ಉತ್ತರ ಬಾರದಿದ್ದರೆ ಬೇರೆಯವರಿಂದ ಕೆಲಸ ಮಾಡಿಸಿ, ಆ ಖರ್ಚನ್ನು ನಿಮ್ಮಿಂದ ವಸೂಲಿ ಮಾಡಲು ಗ್ರಾಹಕರ ದೂರು ಕೇಳುವ ಕಡೆಗೆ ಹೋಗಬೇಕಾಗುತ್ತದೆ. ಪ್ಲಂಬರ್ ಬರೆದುಕೊಟ್ಟ ವರದಿ, ಅಂದಾಜು ಪಟ್ಟಿಯ ಪ್ರತಿ, ಬಿಲ್ಲು, ಕೆಲಸದ ದಿನಗಳ ಫೋಟೊ ಎಲ್ಲವನ್ನೂ ಇದರ ಜೊತೆ ಇಟ್ಟಿದ್ದೇನೆ.

ನೋಡಲು ಬರುವವರು ಹಿಂದಿನ ದಿನ ತಿಳಿಸಿ ಬರಲಿ. ಬೆಳಗ್ಗೆ 10ರ ಮೇಲೆ ಯಾವಾಗಲಾದರೂ ಸರಿ, ನಾನು ಮನೆಯಲ್ಲೇ ಇರುತ್ತೇನೆ. ರಸಮಟ್ಟ, ಅಳತೆ ಟೇಪು, ಜಾಲರಿಗೆ ಹಾಕುವ ಬಿರಡೆ ತರಲಿ. ಸಿಲಿಕಾನ್ ಟ್ಯೂಬ್ ತರುವುದು ಬೇಡ.

ಇಂತಿ,
ನಿಮ್ಮ ಗ್ರಾಹಕ