ಕಂಬಿ ಎಣಿಸಿದ ಐದು ತಿಂಗಳು

ತುಮಕೂರು
ಶನಿವಾರ ರಾತ್ರಿ

ಗೆಳೆಯಾ,

ನಿನ್ನ ಧ್ವನಿಸಂದೇಶವನ್ನು ಬೆಳಗಿನ ರೈಲಿನಲ್ಲಿ ಕೇಳಿದೆ. ಇಯರ್‌ಫೋನ್ ಮನೆಯಲ್ಲಿ ಮರೆತಿದ್ದರಿಂದ ಬೋಗಿಯ ಅರ್ಧ ಜನರೂ ಕೇಳಿದರು. “ಗರಡಿ ಮಟ್ಟಿಯಲ್ಲಿ ಉರುಳಾಡಿದವನು ಈಗ ಕಂಬಿ ಹಿಡಿದು ಕುಣಿಯುತ್ತಿದ್ದಾನಂತೆ, ಜೈಲಿನಲ್ಲಿ ಎಣಿಸುವವರೂ ಅದನ್ನೇ ಹಿಡಿಯುವುದು” ಎಂದು ನೀನು ನಕ್ಕ ನಗೆಗೆ ಎದುರು ಸೀಟಿನ ಹಿರಿಯರು ಹಿರೇಹಳ್ಳಿ ದಾಟುವವರೆಗೂ ನಗುತ್ತಲೇ ಇದ್ದರು. ಈ ಕಂಬಿ ವ್ಯಾಯಾಮ ನಿಜಕ್ಕೂ ಕಷ್ಟವೇ, ನಿನ್ನೆ ಮೊನ್ನೆಯ ಶೋಕಿಯಲ್ಲವೇ, ಉಪಯೋಗ ಉಂಟೇ ಎಂದೂ ಕೇಳಿದ್ದೆ. ಹಾಗಾಗಿ ಉತ್ತರವನ್ನು ಸಾವಕಾಶವಾಗಿ, ಬರೆದೇ ಕೊಡುತ್ತಿದ್ದೇನೆ. ನಾಲ್ಕು ಜನ ಓದಲಿ ಎಂದು ಇಲ್ಲಿ ಹಾಕುತ್ತಲೂ ಇದ್ದೇನೆ.

ಹೌದು, ಬಾರ್ ತರಗತಿಗೆ ಹೋಗುತ್ತಿದ್ದೇನೆ. ಬಾರ್ ಎಂದರೆ ನಮ್ಮೂರಿನಲ್ಲಿ ಬೇರೆಯೇ ಅರ್ಥ. ಮೊದಲ ದಿನ “ಬಾರ್‌ಗೆ ಹೋಗಿ ಬರುತ್ತೇನೆ” ಎಂದಾಗ ಅಮ್ಮ ಮಾಡಿದ ಮುಖವನ್ನು ನೀನು ನೋಡಬೇಕಿತ್ತು. ಇದು ಬ್ಯಾಲೆ ನೃತ್ಯದವರು ಅಭ್ಯಾಸಕ್ಕೆ ಹಿಡಿಯುವ, ಸೊಂಟದೆತ್ತರದ ಮರದ ಕಂಬಿ. ಅದನ್ನು ಹಿಡಿದು ಮಾಡುವ ವ್ಯಾಯಾಮವೇ ಈ ತರಗತಿ. ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಹಾಲ್. ಬೆಳಿಗ್ಗೆ ಅಲ್ಲಿ ಯೋಗ. ಮಂಗಳವಾರ, ಗುರುವಾರ, ಶನಿವಾರ ಸಂಜೆ ಏಳೂವರೆಗೆ ಇದು, ಐವತ್ತು ನಿಮಿಷ. ಒಂಬತ್ತು ಹೆಂಗಸರು ಮತ್ತು ನಾನು.

ಏಕೆ ಹೋದೆ ಎನ್ನುವುದು ನಿನಗೆ ಗೊತ್ತೇ ಇದೆ. ಹನ್ನೊಂದು ವರ್ಷದಿಂದ ವಾರಕ್ಕೆ ಆರು ದಿನ ಬೆಂಗಳೂರಿಗೆ ಹೋಗಿ ಬರುವವನು ನಾನು. ರೈಲಿನಲ್ಲಿ ಕೂರುವುದು, ಕಚೇರಿಯಲ್ಲಿ ಕೂರುವುದು, ಮತ್ತೆ ರೈಲಿನಲ್ಲಿ ಕೂರುವುದು. ಸೊಂಟ ನೋಯುತ್ತಿತ್ತು. ಮಗಳ ಭರತನಾಟ್ಯದ ಗೆಳತಿಯ ಅಕ್ಕ ಈ ತರಗತಿ ನಡೆಸುತ್ತಾಳೆ, ಮೊದಲ ವಾರ ಉಚಿತ ಎಂದರು. ಉಚಿತ ಎಂದ ಮೇಲೆ ಮುಗಿಯಿತಲ್ಲ.

ಮೊದಲ ದಿನದ ಕಥೆ ಹೇಳುತ್ತೇನೆ. ಹಿಮ್ಮಡಿ ಜೋಡಿಸಿ, ಪಾದದ ತುದಿಗಳನ್ನು ಹೊರಕ್ಕೆ ತಿರುಗಿಸಿ, ಬೆನ್ನು ನೆಟ್ಟಗಿಟ್ಟು ಮಂಡಿ ಬಗ್ಗಿಸಬೇಕು. ಅವರ ಭಾಷೆಯಲ್ಲಿ ಪ್ಲಿಯೆ. ನೋಡಿದರೆ ಮಗಳು ದಿನವೂ ಮಾಡುವ ಅರೆಮಂಡಿಯೇ! ಇಷ್ಟೇನಾ ಎಂದುಕೊಂಡೆ. ನಮ್ಮ ಗರಡಿಯಲ್ಲಿ ಒಂದೇ ಉಸಿರಿಗೆ ನೂರು ಬಸ್ಕಿ ಹೊಡೆದವರಲ್ಲವೇ ನಾವು? ಆಮೇಲೆ ತರಗತಿ ನಡೆಸುವ ಆ ಹುಡುಗಿ ಹಿಮ್ಮಡಿಗಳನ್ನು ಎತ್ತಿಸಿದಳು. ಅದೇ ಸ್ಥಿತಿಯಲ್ಲಿ ನಿಲ್ಲಿಸಿದಳು. ನಂತರ ಒಂದು ಅಂಗುಲ ಕೆಳಗೆ, ಒಂದು ಅಂಗುಲ ಮೇಲೆ. ಅಷ್ಟೇ, ಒಂದೇ ಅಂಗುಲ. ಎಂಟು ಎಣಿಸಿದಳು, ಇನ್ನೂ ಎಂಟು ಎಂದಳು, “ಕೊನೆಯ ಎಂಟು” ಎಂದಳು. ಆ ಕೊನೆಯ ಎಂಟು ಎಂಬ ಮಾತು ಚುನಾವಣೆಯ ಆಶ್ವಾಸನೆಯ ಜಾತಿಗೆ ಸೇರಿದ್ದು ಎಂದು ಆಮೇಲೆ ತಿಳಿಯಿತು.

ಮೂರನೆಯ ಕೊನೆಯ ಎಂಟರ ಹೊತ್ತಿಗೆ ನನ್ನ ಎಡತೊಡೆ ಹೊಲಿಗೆ ಯಂತ್ರದ ಸೂಜಿಯಂತೆ ನಡುಗತೊಡಗಿತು. ನಾನು ನಡುಗಿಸುತ್ತಿರಲಿಲ್ಲ, ಅದೇ ನಡುಗುತ್ತಿತ್ತು. ಪಕ್ಕದಲ್ಲಿ ಅರವತ್ತರ ಹತ್ತಿರದ ನಿವೃತ್ತ ಶಿಕ್ಷಕಿಯೊಬ್ಬರು ಕಂಬಿಯ ಮೇಲೆ ಬರೀ ಎರಡು ಬೆರಳಿಟ್ಟುಕೊಂಡು, ರಾತ್ರಿಗೆ ಸಾರೋ ಹುಳಿಯೋ ಎಂದು ಯೋಚಿಸುವವರ ಹಾಗೆ ನಿಂತಿದ್ದರು. ನಾನು ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದೆ. ಮರುದಿನ ಪ್ಲಾಟ್‌ಫಾರ್ಮಿನ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿಕೊಂಡು, ಏಡಿಯಂತೆ ಇಳಿದೆ.

ಆದ್ದರಿಂದ ನಿನ್ನ ಮೊದಲ ಪ್ರಶ್ನೆಗೆ, ಅಂದರೆ ಇದು ಕಷ್ಟವೇ ಎಂಬುದಕ್ಕೆ, ಉತ್ತರ: ಕಷ್ಟ. ಆ ನಡುಕದ ಗುಟ್ಟನ್ನೂ ಹುಡುಕಿ ಓದಿದೆ. ಸ್ನಾಯುವನ್ನು ಬಿಗಿಹಿಡಿದು ನಿಲ್ಲಿಸಿದಾಗ ನರಗಳು ಅದರ ಎಳೆಗಳನ್ನು ಗುಂಪು ಗುಂಪಾಗಿ ಕೆಲಸಕ್ಕೆ ಕರೆಯುತ್ತವೆ. ಒಂದು ಗುಂಪು ದಣಿದಾಗ ಇನ್ನೊಂದು ಬರಬೇಕು. ದಣಿವು ಹೆಚ್ಚಿದಂತೆ ಈ ಪಾಳಿ ಬದಲಾವಣೆಯ ಲಯ ತಪ್ಪುತ್ತದೆ, ಕಾಲು ನಡುಗುತ್ತದೆ. ಬಿಗಿದ ಸ್ನಾಯುವಿನೊಳಗೆ ರಕ್ತ ಸಲೀಸಾಗಿ ಹರಿಯಲಾರದು, ಅದಕ್ಕೇ ಆ ಉರಿ. ಬಸ್ಕಿಯಲ್ಲಿ ಎದ್ದು ನಿಂತಾಗ ತೊಡೆಗೆ ಅರೆಕ್ಷಣ ಬಿಡುವು ಸಿಗುತ್ತದೆ. ಒಂದು ಅಂಗುಲದ ಆಟದಲ್ಲಿ ಆ ಬಿಡುವೇ ಇಲ್ಲ. ನಮ್ಮ ನೂರು ಬಸ್ಕಿಯ ಜಂಭ ಅಲ್ಲಿ ಕರಗಿತು.

ನಿನ್ನ ಇನ್ನೊಂದು ಮಾತು, ಇದು ನಿನ್ನೆ ಮೊನ್ನೆ ಹುಟ್ಟಿದ ಶೋಕಿ ಎಂಬುದು, ತಪ್ಪು. ಇದು ನಮ್ಮಿಬ್ಬರಿಗಿಂತ ಹಿರಿಯದು. ಲೊಟ್ಟೆ ಬರ್ಕ್ ಎಂಬಾಕೆ 1913ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಹುಟ್ಟಿದ ಯೆಹೂದಿ ನರ್ತಕಿ. ನಾಜಿಗಳ ಕಾಲದಲ್ಲಿ ಲಂಡನ್ ಸೇರಿದಳು. ಬೆನ್ನಿಗೆ ಪೆಟ್ಟಾದ ಮೇಲೆ ತನ್ನ ನೃತ್ಯದ ಅಭ್ಯಾಸವನ್ನೂ ಬೆನ್ನಿನ ಚಿಕಿತ್ಸೆಗೆ ಮಾಡಿಸುವ ವ್ಯಾಯಾಮವನ್ನೂ ಬೆರೆಸಿ, 1959ರಲ್ಲಿ ಅಲ್ಲಿನ ಮ್ಯಾಂಚೆಸ್ಟರ್ ಬೀದಿಯ ನೆಲಮಾಳಿಗೆಯೊಂದರಲ್ಲಿ ತರಗತಿ ಶುರು ಮಾಡಿದಳು. ಅವಳ ಶಿಷ್ಯೆ ಲಿಡಿಯಾ ಬಾಕ್ 1971ರಲ್ಲಿ ಅದನ್ನು ನ್ಯೂಯಾರ್ಕಿಗೆ ಒಯ್ದಳು. ಅಂದರೆ ಸೊಂಟನೋವಿನ ಹೆಂಗಸು ಸೊಂಟನೋವಿಗಾಗಿಯೇ ಕಟ್ಟಿದ್ದು. ನನಗೆ ಇದು ಹಿಡಿಸಲು ಅದೂ ಒಂದು ಕಾರಣ.

ಈಗ ನಿನ್ನ ನಿಜವಾದ ಪ್ರಶ್ನೆಗೆ ಬರುತ್ತೇನೆ: ಕಷ್ಟವಾದರೂ ಉಪಯೋಗ ಉಂಟೇ? ನನ್ನ ಜೀವನದಲ್ಲಿ ಕಷ್ಟವಾದದ್ದಕ್ಕೆಲ್ಲ ಉಪಯೋಗವಿತ್ತು ಎಂದು ಹೇಳಲಾರೆ, ಪಿಯುಸಿಯ ಕ್ಯಾಲ್ಕುಲಸ್ ನಿನಗೂ ನೆನಪಿರಬಹುದು. ಆದ್ದರಿಂದ ನನ್ನದೇ ಆದ ಮೂರು ಪರೀಕ್ಷೆ ಇಟ್ಟುಕೊಂಡೆ.

ಒಂದು, ರೈಲು. ಸೀಟು ಸಿಗದ ದಿನ ಮೊದಲು ಮೇಲಿನ ಹಿಡಿಕೆಗೆ ಜೋತು ಬೀಳುತ್ತಿದ್ದೆ. ಈಗ ದಾಬಸ್‌ಪೇಟೆಯಿಂದ ಚಿಕ್ಕಬಾಣಾವರದವರೆಗೆ ಯಾವುದನ್ನೂ ಹಿಡಿಯದೆ ನಿಲ್ಲುತ್ತೇನೆ. ಗಾಡಿ ಹಳಿ ಬದಲಿಸಿದಾಗ ಪಾದ, ಕಣಕಾಲು, ಸೊಂಟದ ಪಕ್ಕ ಒಂದಾದ ಮೇಲೊಂದು ತಾವಾಗಿಯೇ ಎಚ್ಚರವಾಗುವುದು ತಿಳಿಯುತ್ತದೆ. ಒಂಟಿ ಕಾಲಿನಲ್ಲಿ ನಿಂತು ಪ್ಯಾಂಟ್ ಹಾಕಿಕೊಳ್ಳುತ್ತೇನೆ. ನಗಬೇಡ, ನಿನಗೆ ಆಗುತ್ತದೆಯೇ ಈಗಲೇ ಎದ್ದು ನೋಡು, ಗೋಡೆ ಮುಟ್ಟಬಾರದು. ಸೊಂಟನೋವು ಪೂರ್ತಿ ಹೋಗಿಲ್ಲ, ಆದರೆ ಸಂಜೆಯ ಹೊತ್ತಿಗೆ ಬರುತ್ತಿದ್ದದ್ದು ಈಗ ವಾರಕ್ಕೊಮ್ಮೆ ಬಂದು ಮಾತನಾಡಿಸಿ ಹೋಗುತ್ತದೆ.

ಎರಡು, ದೇವರಾಯನದುರ್ಗ. ನಾಲ್ಕು ತಿಂಗಳಾದ ಮೇಲೆ ಒಂದು ಭಾನುವಾರ ಮಗಳ ಜೊತೆ ಕೆಳಗಿನ ಭೋಗನರಸಿಂಹನಿಗೆ ಕೈಮುಗಿದು, ಮೇಲಿನ ಯೋಗನರಸಿಂಹನ ಮೆಟ್ಟಿಲು ಹತ್ತಿದೆ. ತೊಡೆ ಒಂದು ಮಾತೂ ಆಡಲಿಲ್ಲ. ಆದರೆ ಎದೆ! ಅರ್ಧ ದಾರಿಯಲ್ಲೇ ಏದುಸಿರು. ಮಂಗಗಳಿಗೂ ಕನಿಕರ ಬಂದು ನನ್ನ ಕೈಯಲ್ಲಿದ್ದ ಬಾಳೆಹಣ್ಣನ್ನು ಕಿತ್ತುಕೊಂಡು ಭಾರ ಇಳಿಸಿದವು. ಕೈಗಡಿಯಾರ ನೋಡಿದರೆ ನಾಡಿ 148. ತರಗತಿಯಲ್ಲಿ, ಪ್ರಾಣವೇ ಹೋಯಿತು ಎನ್ನಿಸುವ ಹೊತ್ತಿನಲ್ಲೂ ಅದು 105, 110ರ ಆಸುಪಾಸಿನಲ್ಲೇ ಇರುತ್ತದೆ. ತೊಡೆಯ ಒಂದು ಮೂಲೆಯಲ್ಲಿ ಬೆಂಕಿ ಬಿದ್ದರೂ ಹೃದಯಕ್ಕೆ ಸುದ್ದಿಯೇ ಮುಟ್ಟಿರುವುದಿಲ್ಲ.

ಗಡಿಯಾರವಿಲ್ಲದೆಯೂ ಅಳೆಯಬಹುದು. ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದು ಮಧ್ಯಮ ಶ್ರಮ. ನಮ್ಮ ತರಗತಿಯ ಅರ್ಧ ಹೊತ್ತು ನಾನು ಆರಾಮವಾಗಿ ಹಾಡಬಲ್ಲೆ, ಉಳಿದವರ ಮೇಲಿನ ದಯೆಯಿಂದ ಹಾಡುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವುದು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ತೀವ್ರ ಶ್ರಮ. ಅದರ ಮೇಲೆ ವಾರದಲ್ಲಿ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ. ಮೂರು ತರಗತಿ, ಐವತ್ತು ನಿಮಿಷದಂತೆ 150 ಆಯಿತಲ್ಲ ಎಂದು ನಾನೂ ಲೆಕ್ಕ ಹಾಕಿ ಬೀಗಿದ್ದೆ. ದುರ್ಗದ ಮೆಟ್ಟಿಲು ಆ ಲೆಕ್ಕವನ್ನು ಒಡೆದು ಹಾಕಿತು. ಈಗ ತರಗತಿಯಿಲ್ಲದ ನಾಲ್ಕು ದಿನ ಅಮಾನಿಕೆರೆಯ ಸುತ್ತ ಬಿರುಸಾಗಿ ನಡೆಯುತ್ತೇನೆ, ಹಾಡಲಾಗದಷ್ಟು.

ಮೂರನೆಯದು ಅಕ್ಕಿ ಮೂಟೆ. ಇದೇ ನನ್ನ ಅಹಂಕಾರಕ್ಕೆ ಬಿದ್ದ ದೊಡ್ಡ ಪೆಟ್ಟು. ತಿಂಗಳಿಗೊಮ್ಮೆ 25 ಕಿಲೋ ಮೂಟೆಯನ್ನು ಮಹಡಿಗೆ ಹೊರುವವನು ನಾನೇ. ಮೊದಲ ಎರಡು ತಿಂಗಳಲ್ಲಿ ಹಗುರವಾದಂತೆ ಅನ್ನಿಸಿತ್ತು, ನಿಜ. ಕೂತೇ ಜಡ್ಡುಗಟ್ಟಿದ ಮೈಗೆ ಏನು ಮಾಡಿದರೂ ಸ್ವಲ್ಪ ಬಲ ಬರುತ್ತದೆ. ಆಮೇಲೆ ನಿಂತೇ ಹೋಯಿತು. ಐದನೆಯ ತಿಂಗಳ ಮೂಟೆಗೂ ಮೂರನೆಯ ತಿಂಗಳದ್ದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಕಾರಣ ಸರಳ. ತರಗತಿಯಲ್ಲಿ ಕೈಗೆ ಕೊಡುವುದು ಒಂದೊಂದು ಕಿಲೋ ಡಂಬೆಲ್. ಅದನ್ನು ಎಪ್ಪತ್ತು ಸಲ ಎತ್ತಿದರೆ ಎಪ್ಪತ್ತು ಸಲ ಎತ್ತುವ ತಾಳಿಕೆ ಬರುತ್ತದೆ, ಎಪ್ಪತ್ತು ಕಿಲೋ ಎತ್ತುವ ಬಲ ಬರುವುದಿಲ್ಲ. ಬಲ ಬೇಕಾದರೆ ಭಾರ ಏರುತ್ತಾ ಹೋಗಬೇಕು. ಮೂಳೆಗೂ ಅಷ್ಟೇ, ಅದಕ್ಕೆ ಭಾರದ ಒತ್ತಡವೋ ಜಿಗಿತದ ಧಕ್ಕೆಯೋ ಬೇಕು. ಈ ವಿಷಯದಲ್ಲಿ ನೀನು ಗೆದ್ದೆ. ನಿನ್ನ ಜಿಮ್ಮಿನ ಕಬ್ಬಿಣಕ್ಕೆ ನಮ್ಮ ಮರದ ಕಂಬಿ ಬದಲಿಯಾಗಲಾರದು. ಒಮ್ಮೆ ಮಾತ್ರ ಹೇಳುತ್ತೇನೆ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೋ.

ಒಂದು ಸಿಟ್ಟನ್ನೂ ಕಕ್ಕಿಬಿಡುತ್ತೇನೆ. ಹಾಲ್‌ನ ಗೋಡೆಯ ಮೇಲೊಂದು ಪೋಸ್ಟರ್ ಇದೆ, “ನರ್ತಕಿಯಂತೆ ಉದ್ದನೆಯ, ಸಪೂರ ಸ್ನಾಯು ನಿಮ್ಮದಾಗಲಿ” ಎಂದು. ಸ್ನಾಯುವಿನ ಎರಡು ತುದಿ ಎಲುಬಿಗೆ ಎಲ್ಲಿ ಅಂಟಿದೆಯೋ ಅಲ್ಲೇ ಇರುತ್ತದೆ, ಯಾವ ತರಗತಿಯೂ ಅದನ್ನು ಚಕ್ಕುಲಿ ಹಿಟ್ಟಿನಂತೆ ಎಳೆದು ಉದ್ದ ಮಾಡಲಾರದು. ತೊಡೆ ಉರಿದರೆ ತೊಡೆಯ ಕೊಬ್ಬು ಕರಗುತ್ತದೆ ಎಂಬುದೂ ಹಾಗೆಯೇ. ಕೊಬ್ಬು ಇಡೀ ಮೈಯಿಂದ ಹೋಗುತ್ತದೆ, ನಾವು ತೋರಿಸಿದ ಜಾಗದಿಂದ ಅಲ್ಲ. ವಾರದಲ್ಲಿ ಮೂರು ಸಲ ಕಂಬಿ ಹಿಡಿದು, ಹೊರಟ ಕೂಡಲೇ ಕ್ಯಾತ್ಸಂದ್ರಕ್ಕೆ ಗಾಡಿ ತಿರುಗಿಸಿ ಬೆಣ್ಣೆ ಹಾಕಿದ ಎರಡು ತಟ್ಟೆ ಇಡ್ಲಿ ಇಳಿಸುವ ನನ್ನ ಹೊಟ್ಟೆ ಇದಕ್ಕೆ ಸಾಕ್ಷಿ. ಪೋಸ್ಟರ್ ತೆಗೆಯಮ್ಮಾ ಎಂದು ಆ ಹುಡುಗಿಗೆ ಹೇಳಿದೆ. “ಅದು ನೋಡಿಯೇ ಜನ ಬರುವುದು, ಅಂಕಲ್” ಎಂದಳು. ಬಾಡಿಗೆ ಕಟ್ಟುವವಳು ಅವಳು, ನಾನೇನು ಹೇಳಲಿ.

ಪೆಟ್ಟು ಆಗಲೇ ಇಲ್ಲ ಎಂದೂ ಅಂದುಕೊಳ್ಳಬೇಡ. ಮೂರನೆಯ ವಾರ ಬಲಮಂಡಿ ಒಳಪಕ್ಕ ಚುಚ್ಚತೊಡಗಿತು. ತಪ್ಪು ನನ್ನದೇ. ಪಕ್ಕದ ಆ ನಿವೃತ್ತ ಶಿಕ್ಷಕಿಯವರ ಪಾದದಷ್ಟು ನನ್ನದೂ ಹೊರಕ್ಕೆ ತಿರುಗಬೇಕೆಂಬ ಹಟಕ್ಕೆ ಪಾದವನ್ನಷ್ಟೇ ತಿರುಗಿಸಿ, ಮಂಡಿಯನ್ನು ಹಿಂದೆಯೇ ಬಿಟ್ಟಿದ್ದೆ. ಮನೆಯಲ್ಲಿ ಮಗಳು ಕನ್ನಡಿಯ ಮುಂದೆ ನಿಲ್ಲಿಸಿ ತೋರಿಸಿದಳು: “ತಿರುಗುವುದು ಇಲ್ಲಿಂದ, ಅಪ್ಪ” ಎಂದು ನನ್ನ ಸೊಂಟದ ಕೀಲಿನ ಮೇಲೆ ತಟ್ಟಿದಳು. ಮಂಡಿ ಯಾವಾಗಲೂ ಪಾದದ ಬೆರಳಿನ ದಿಕ್ಕಿಗೇ ಬಗ್ಗಬೇಕು, ಸೊಂಟ ಎಷ್ಟು ಬಿಡುತ್ತದೋ ಅಷ್ಟೇ ತಿರುಗಬೇಕು. ಏಳು ವರ್ಷದಿಂದ ಅರೆಮಂಡಿಯಲ್ಲಿ ಬೈಸಿಕೊಂಡವಳು ಈಗ ಬೈಯುವ ಸುಖವನ್ನು ಅನುಭವಿಸುತ್ತಿದ್ದಾಳೆ. ಪಾದ ಸ್ವಲ್ಪ ಒಳಕ್ಕೆ ತಂದ ಮೇಲೆ ಎರಡು ವಾರದಲ್ಲಿ ನೋವು ಹೋಯಿತು.

ನಿನ್ನ ಬಿ.ಪಿ. ವಿಷಯವೂ ಇಲ್ಲಿದೆ, ಅದಕ್ಕೇ ಈ ಪತ್ರ ಇಷ್ಟುದ್ದ ಬೆಳೆಯಿತು. 2023ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 270 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿದ ಲೇಖನವೊಂದನ್ನು ಪ್ರಕಟಿಸಿತು. ವಿಶ್ರಾಂತಿಯಲ್ಲಿರುವಾಗಿನ ರಕ್ತದೊತ್ತಡ ಇಳಿಸುವುದರಲ್ಲಿ ಏದುಸಿರು ತರಿಸುವ ವ್ಯಾಯಾಮ, ಭಾರ ಎತ್ತುವುದು ಎಲ್ಲಕ್ಕಿಂತ ಒಟ್ಟಾರೆ ಮುಂದಿದ್ದದ್ದು ಅಲುಗದೆ ಬಿಗಿಹಿಡಿದು ನಿಲ್ಲುವ ವ್ಯಾಯಾಮ. ಅದರಲ್ಲೂ ಗೋಡೆಗೆ ಬೆನ್ನು ಕೊಟ್ಟು, ಕಾಣದ ಕುರ್ಚಿಯ ಮೇಲೆ ಕೂತಂತೆ ನಿಲ್ಲುವುದನ್ನು ಹೆಸರಿಸಿ ಹೇಳಿದ್ದಾರೆ. ಅದು ಬಾರ್ ತರಗತಿಯ ಮೇಲೆ ನಡೆದದ್ದಲ್ಲ, ಆದರೆ ನಮ್ಮ ತರಗತಿಯಲ್ಲಿ ಆ ಕುರ್ಚಿಯೂ ಉಂಟು. ಹಾಗೆಂದು ಮಾತ್ರೆ ಬಿಟ್ಟು ಗೋಡೆಗೆ ಒರಗಬೇಡ. ವೈದ್ಯರನ್ನು ಕೇಳಿ ಶುರು ಮಾಡು. ಮುಖ್ಯವಾಗಿ ಉಸಿರು ಕಟ್ಟಬೇಡ, ಬಿಗಿಹಿಡಿದಾಗ ಉಸಿರು ಕಟ್ಟಿದರೆ ಆ ಕ್ಷಣಕ್ಕೆ ಒತ್ತಡ ಜಿಗಿಯುತ್ತದೆ. ಭಾರ ಎತ್ತುವಾಗ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗುವ ನಿನಗೆ ಈ ಮಾತು ಬೇಕೇ ಬೇಕು.

ನಾನು ಬಿಡುವುದಿಲ್ಲ, ಮುಂದಿನ ಮೂರು ತಿಂಗಳಿಗೂ ಹಣ ಕಟ್ಟಿದ್ದೇನೆ. ಆದರೆ ಗುರುವಾರದ ತರಗತಿಯನ್ನು ಬಿಟ್ಟು, ಆ ಸಂಜೆ ಅಟ್ಟದಿಂದ ಅಜ್ಜನ ಕಲ್ಲುಗುಂಡನ್ನು ಇಳಿಸಿಕೊಂಡು ಎತ್ತುತ್ತಿದ್ದೇನೆ. ಅದು ಎಷ್ಟು ಕಿಲೋ ಎಂದು ಇವತ್ತಿಗೂ ಯಾರೂ ತೂಗಿಲ್ಲ, ಅಜ್ಜ ಮಾತ್ರ “ಹಗುರ” ಎನ್ನುತ್ತಿದ್ದ.

ಮುಂದಿನ ಭಾನುವಾರ ರಜೆ ಹಾಕದೆ ಬಂದುಬಿಡು. ಶನಿವಾರ ರಾತ್ರಿಯ ರೈಲಾದರೆ ಬೆಳಿಗ್ಗೆ ದುರ್ಗ ಹತ್ತಬಹುದು, ಯಾರು ಏದುತ್ತಾರೆ ನೋಡೋಣ. ಸಂಜೆ ನಿನಗೊಂದು ಪ್ಲಿಯೆ, ಕೊನೆಯ ಎಂಟನ್ನು ನಾನು ಎಣಿಸುತ್ತೇನೆ. ಇನ್ನೊಂದು ಮಾತು, ಈ ತಿಂಗಳ ಅಕ್ಕಿ ಮೂಟೆ ಇನ್ನೂ ಕೆಳಗೇ ಇದೆ. ನಿನಗೆಂದೇ ಇಟ್ಟಿದ್ದೇನೆ.

ನಿನ್ನ,
ಕಂಬಿ ಹಿಡಿದವನು