ಗಾಂಜಾಕ್ಕೆ ತೂಕವೊಂದೇ ಅಳತೆಯೇ?

ಮಾನ್ಯರೇ,

ವಿಮಾನ ನಿಲ್ದಾಣದಲ್ಲಿ ಹೈಡ್ರೋ ಗಾಂಜಾ (ಮಣ್ಣಿಲ್ಲದೆ ಪೋಷಕಾಂಶದ ನೀರಿನಲ್ಲಿ ಬೆಳೆದದ್ದು) ಸಿಕ್ಕಿತು ಎಂಬ ಸುದ್ದಿ ಆಗಾಗ ಓದುತ್ತೇನೆ. ಎಷ್ಟು ಕೆ.ಜಿ., ಎಷ್ಟು ಕೋಟಿ ಎಂದು ಇರುತ್ತದೆ. ಅಮಲಿನ ಅಂಶ ಎಷ್ಟಿತ್ತು ಎಂದು ಮಾತ್ರ ಇರುವುದಿಲ್ಲ. ನಾನು ರಾಣೆಬೆನ್ನೂರು ಕಡೆ ಟೊಮೆಟೊ, ಮೆಣಸಿನಕಾಯಿ ಹೈಬ್ರಿಡ್ ಬೀಜ ಬೆಳೆಯುವ ರೈತ. ಗಂಡು ಸಾಲಿನ ಪರಾಗ ತಂದು ಹೆಣ್ಣು ಸಾಲಿನ ಹೂವಿಗೆ ಮುಟ್ಟಿಸುವ ಕ್ರಾಸಿಂಗ್ ಕೆಲಸವೇ ನಮ್ಮ ಹೊಟ್ಟೆಪಾಡು. ಹಾಗಾಗಿ ತಳಿಯ ವಿಷಯ ಬಂದರೆ ಕಿವಿ ನೆಟ್ಟಗಾಗುತ್ತದೆ.

ಗಾಂಜಾದಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಅಮಲಿನ ಅಂಟು ಇರುವುದು ಹೆಣ್ಣು ಗಿಡದ ಹೂಗೊಂಚಲಿನಲ್ಲಿ. ಪರಾಗ ಬಿದ್ದರೆ ಗಿಡದ ಶಕ್ತಿಯೆಲ್ಲ ಬೀಜಕ್ಕೆ ಹೋಗಿ ಅಂಟು ಕಡಿಮೆಯಾಗುತ್ತದೆ. ಇದು ಹಳೇ ತಿಳಿವಳಿಕೆ. ಬ್ರಿಟಿಷರ ಕಾಲದಲ್ಲಿ ಬಂಗಾಳದ ನೌಗಾಂವ್ ಸೀಮೆಯಲ್ಲಿ ಲೈಸೆನ್ಸ್ ಪಡೆದು ಬೆಳೆಯುತ್ತಿದ್ದವರು ಗಂಡು ಗಿಡ ಗುರುತಿಸಿ ಕೀಳಲೆಂದೇ ನುರಿತವರನ್ನು ಕರೆಸುತ್ತಿದ್ದರು. ಗಾಂಜಾ ಬಗ್ಗೆ ವಿಚಾರಿಸಲು ಬ್ರಿಟಿಷ್ ಸರ್ಕಾರ ನೇಮಿಸಿದ್ದ 1893–94ರ ಹೆಂಪ್ ಡ್ರಗ್ಸ್ ಕಮಿಷನ್ ವರದಿಯಲ್ಲಿ ಅವರ ಪ್ರಸ್ತಾಪವಿದೆ.

ಹೈಬ್ರಿಡ್ ಬಂದದ್ದು ಆಮೇಲೆ. ಬಿಸಿ ಸೀಮೆಯ ತಳಿಗಳು ಎತ್ತರ, ಸಪೂರ ಎಲೆ, ಹೂ ತಡ. ಅಫ್ಗಾನಿಸ್ತಾನದ ಕಡೆಯದು ಗಿಡ್ಡ, ಅಗಲ ಎಲೆ, ಬೇಗ ಹೂ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇವೆರಡನ್ನೂ ಕ್ರಾಸ್ ಮಾಡಿದರು. ಮುಂದೆ ಆ ಬೀಜ ನೆದರ್ಲೆಂಡ್ಸ್‌ನಲ್ಲಿ ದೊಡ್ಡ ವ್ಯಾಪಾರವಾಯಿತು. ಗಿಡ್ಡ ಗಿಡ, ಬೇಗ ಕೊಯ್ಲು, ಅಮಲೂ ಜಾಸ್ತಿ. ಕೋಣೆಯೊಳಗೆ ದೀಪದ ಕೆಳಗೆ ಬೆಳೆಯುವವರಿಗೆ ಇನ್ನೇನು ಬೇಕು! ಹೈಬ್ರಿಡ್‌ನಿಂದ ಬಂದ ಬೀಜ ಮತ್ತೆ ಬಿತ್ತಿದರೆ ಗುಣ ಚೆದುರುತ್ತದೆ, ಇದು ನಮ್ಮೂರಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಅದಕ್ಕೇ ಅವರು ಒಳ್ಳೆ ಹೆಣ್ಣು ಗಿಡದ ಕಡ್ಡಿ ಮುರಿದು ನೆಟ್ಟು ಅದೇ ಗುಣ ಉಳಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿ ವಶಪಡಿಸಿಕೊಂಡ ಮಾಲಿನಲ್ಲಿ 1995ರಲ್ಲಿ ಸರಾಸರಿ ಶೇ 4ರಷ್ಟಿದ್ದ, ಅಮಲಿನ ಅಂಶವಾದ ಟಿಎಚ್‌ಸಿ 2014ರ ಹೊತ್ತಿಗೆ ಶೇ 12ಕ್ಕೆ ಏರಿತ್ತು.

ನಮ್ಮ ಕಾನೂನು ಮಾತ್ರ ಇನ್ನೂ ತಕ್ಕಡಿ ಹಿಡಿದೇ ಕೂತಿದೆ. ಮಾದಕವಸ್ತು ತಡೆಗೆ ಬಂದ 1985ರ ಎನ್‌ಡಿಪಿಎಸ್ ಕಾಯ್ದೆಯಡಿ 2001ರಲ್ಲಿ ಬಂದ ಅಧಿಸೂಚನೆ ಪ್ರಕಾರ 1 ಕೆ.ಜಿ.ವರೆಗಿನ ಗಾಂಜಾ ‘ಸಣ್ಣ ಪ್ರಮಾಣ’. ಹೆಚ್ಚೆಂದರೆ ಒಂದು ವರ್ಷ ಜೈಲು. 20 ಕೆ.ಜಿ. ದಾಟಿದರೆ ಕನಿಷ್ಠ 10 ವರ್ಷ. ದೀಪದ ಕೆಳಗೆ ಬೆಳೆದ ಹೈಬ್ರಿಡ್ ಇಟ್ಟುಕೊಂಡವನಿಗೂ, ಅರ್ಧ ಬೀಜವೇ ತುಂಬಿದ ನಾಟಿ ಸೊಪ್ಪು ಇಟ್ಟುಕೊಂಡವನಿಗೂ ಇದೇ ಲೆಕ್ಕ. ಗಾಂಜಾ ಗಿಡದ ಅಂಟಿನಿಂದ ಮಾಡುವ ಚರಸ್‌ಗೆ ಮಾತ್ರ ಸಣ್ಣ ಪ್ರಮಾಣ 100 ಗ್ರಾಂ. ಅಮಲು ಜಾಸ್ತಿ ಇದ್ದರೆ ಮಿತಿ ಕಡಿಮೆ ಇರಬೇಕು ಎಂದು ಅಲ್ಲಿ ಒಪ್ಪಿದಂತಾಯಿತು ಅಲ್ವಾ? ಗಾಂಜಾ ತಳಿಗಳ ನಡುವೆಯೂ ಅದೇ ನ್ಯಾಯ ಇರಲಿ. ಟಿಎಚ್‌ಸಿ ಅಳೆಯುವುದು ನಮ್ಮ ದೇಶಕ್ಕೆ ಹೊಸದೂ ಅಲ್ಲ. ಉತ್ತರಾಖಂಡದಲ್ಲಿ ನಾರಿಗಾಗಿ ಹೆಂಪ್ (ಅಮಲು ತೀರಾ ಕಡಿಮೆ ಇರುವ ಗಾಂಜಾ ಜಾತಿಯ ಗಿಡ) ಬೆಳೆಯಲು ಲೈಸೆನ್ಸ್ ಕೊಡುವಾಗ ಶೇ 0.3ರ ಮಿತಿ ಇಟ್ಟಿದ್ದಾರೆ.

ಗಾಂಜಾ ಬೆಳೆಯುವವರ ಪರ ಮಾತಾಡುತ್ತಿಲ್ಲ. ಆದರೆ ಮೆಣಸಿನ ಹೊಲದ ನಡುವೆ ನಾಲ್ಕು ಗಿಡ ಸಿಕ್ಕ ಸುದ್ದಿಯ ಫೋಟೋ ನೋಡಿ. ಹಸಿ ಗಿಡ ಬೇರು, ಕಾಂಡ, ಮಣ್ಣು ಸಮೇತ ರಾಶಿ ಬಿದ್ದಿರುತ್ತದೆ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ಅದನ್ನು ಬಿಡಿಸಿ ತೂಗಿ, ಒಂದಿಷ್ಟು ಲ್ಯಾಬಿಗೆ ಕಳಿಸಿ ಟಿಎಚ್‌ಸಿ ಎಷ್ಟೆಂದು ಬರೆಸಿ. ಮಿತಿ ಬದಲಿಸುವುದು ಕೇಂದ್ರದ ಕೆಲಸ. ಬೇರು, ಮಣ್ಣು ಬಿಟ್ಟು ತೂಗಲು ಯಾರ ಅಧಿಸೂಚನೆಗೂ ಕಾಯಬೇಕಿಲ್ಲ.

– ಬೀಜ ಬೆಳೆಗಾರ, ರಾಣೆಬೆನ್ನೂರು ತಾಲ್ಲೂಕು