ಅಮ್ಮಂಗೆ, ಸಚ್ಚು ಮದುವೆ ವಿಷ್ಯ

ಲೀಹೈ, ಯೂಟಾ
ಜುಲೈ 27

ಅಮ್ಮಂಗೆ, ಅಪ್ಪಂಗೆ ನಮಸ್ಕಾರ. ನಾವಿಲ್ಲಿ ಎಲ್ರೂ ಆರಾಮ. ಪಾಪುಗೆ ಎರಡು ಹಲ್ಲು ಬಂದಿದೆ, ಇವ್ರಿಗೆ ಆಫೀಸಲ್ಲಿ ಕೆಲಸ ಜಾಸ್ತಿ. ಅಲ್ಲಿ ಮಳೆ ಅಡಿಕೆಗೆ ಔಷಧಿ ಹೊಡ್ಯೋಕೂ ಬಿಡ್ತಿಲ್ಲ ಅಂತ ವಾಣಿ ಹೇಳಿದ್ಲು, ಅಪ್ಪ ಬೇಜಾರು ಮಾಡ್ಕೊಳ್ಳೋದು ಬೇಡ ಅನ್ನು.

ನಿನ್ನ ಪತ್ರದ ಫೋಟೋ ಕಳ್ಸಿದ್ಲು. ನಾಲ್ಕು ಪುಟಾನೂ ಓದಿದೆ. ತಮ್ಮ ಸಚ್ಚು ಇಲ್ಲಿ ಜನ ಮಾರ್ಮನ್ ಅನ್ನೋ ಚರ್ಚಿನ ಹುಡುಗಿ ಎಮಿಲಿನ ಮದುವೆಯಾಗ್ತಾನೆ ಅಂತ ನಿಂಗಿರೋ ಭಯ ಅರ್ಥ ಆಗತ್ತೆ. ಮೂರನೇ ಪುಟದಲ್ಲಿ "ನಾಳೆ ನಮ್ಮ ತಿಥಿ ಮಾಡೋರ್ಯಾರು" ಅಂತ ಬರ್ದು ಅದರ ಮೇಲೆ ಗೀಟು ಹೊಡ್ದಿದೀಯಲ್ಲ, ಗೀಟು ಹೊಡ್ದ್ರೂ ಕಾಣತ್ತೆ ಅಮ್ಮ. ಫೋನಲ್ಲಿ ಮಾತಾಡಿದ್ರೆ ಇಬ್ರೂ ಅತ್ತು ವಿಷ್ಯ ಅಲ್ಲೇ ನಿಲ್ಲತ್ತೆ, ಅದಕ್ಕೇ ಕೂತು ಟೈಪ್ ಮಾಡ್ತಿದೀನಿ, ವಾಣಿ ಹತ್ರ ನಿಧಾನಕ್ಕೆ ಓದಿಸ್ಕೋ.

ಮೊದಲು ದೊಡ್ಡತ್ತೆ ಹೇಳಿದ್ದಕ್ಕೆ ಉತ್ತರ. ಎಮಿಲಿ ಚರ್ಚಿನೋರಲ್ಲಿ ನಾಲ್ಕೈದು ಹೆಂಡತೀರು ಇರ್ತಾರೆ ಅನ್ನೋದು ಹಳೇ ಕಾಲದ ಮಾತು. ಇತ್ತು, ಸುಳ್ಳಲ್ಲ. ಆದ್ರೆ 1890ರಲ್ಲೇ ಅವರ ಅಧ್ಯಕ್ಷರು ಅದನ್ನ ನಿಲ್ಲಿಸಿದ್ರು. ಇವತ್ತು ಯಾರಾದ್ರೂ ಹೆಂಡತಿ ಇರೋವಾಗ್ಲೇ ಇನ್ನೊಂದು ಮದುವೆ ಮಾಡ್ಕೊಂಡ್ರೆ ಚರ್ಚಿಂದ ಹೊರಗೆ ಹಾಕ್ತಾರೆ. ಅತ್ತೆ ಟೀವೀಲಿ ನೋಡಿದ್ದು ಬೇರೆ ಆದ ಸಣ್ಣ ಗುಂಪಿನೋರು, ಅವ್ರಿಗೂ ಎಮಿಲಿ ಮನೆಯವ್ರಿಗೂ ಸಂಬಂಧ ಇಲ್ಲ. ಎಮಿಲಿ ಅಪ್ಪ ಅಮ್ಮ ಮದುವೆಯಾಗಿ ಮೂವತ್ತೊಂದು ವರ್ಷ, ಐದು ಮಕ್ಕಳು, ಸೋಮವಾರ ರಾತ್ರಿ ಯಾರೂ ಎಲ್ಲೂ ಹೋಗದೆ ಮನೆಯವ್ರೆಲ್ಲ ಒಟ್ಟಿಗೆ ಕೂರ್ತಾರೆ, ಅದು ಅವರ ಮತದಲ್ಲೇ ಇರೋ ರೂಢಿ.

ಇನ್ನು ಕೆಳಮನೆ ಟೀಚರಮ್ಮ "ಅವ್ರು ಕ್ರಿಶ್ಚಿಯನ್ನರೇ ಅಲ್ಲ" ಅಂದಿದ್ದು. ಟೀಚರಮ್ಮ ಕ್ಯಾಥೊಲಿಕ್, ಅವರ ಕಡೆಯಿಂದ ಅದು ಸರೀನೇ. ಇವರ ದೀಕ್ಷಾಸ್ನಾನ ನಾವು ಒಪ್ಪಲ್ಲ ಅಂತ 2001ರಲ್ಲಿ ವ್ಯಾಟಿಕನ್ನೇ ಹೇಳಿದೆ. ಯಾಕಂದ್ರೆ ತಂದೆ, ಮಗ, ಪವಿತ್ರಾತ್ಮ ಮೂರೂ ಒಂದೇ ದೇವರು ಅಂತ ಬೇರೆ ಕ್ರಿಶ್ಚಿಯನ್ನರು, ಇವ್ರು ಮೂವರೂ ಬೇರೆ ಬೇರೆ ಅಂತಾರೆ, ತಂದೆ ದೇವರಿಗೆ ನಮ್ಮ ಹಾಗೇ ಮೈಯಿದೆ ಅಂತಾರೆ. ಬೈಬಲ್ ಜೊತೆ ಬುಕ್ ಆಫ್ ಮಾರ್ಮನ್ ಕೂಡ ಇವ್ರಿಗೆ ದೇವರ ಮಾತು. ನ್ಯೂಯಾರ್ಕ್ ಕಡೆಯ ಜೋಸೆಫ್ ಸ್ಮಿತ್ ಅನ್ನೋ ರೈತರ ಮನೆ ಹುಡುಗಂಗೆ ದೇವದೂತ ಚಿನ್ನದ ತಗಡು ತೋರಿಸ್ದ, ಅದರಿಂದ ಬಂದ ಪುಸ್ತಕ ಅಂತ ನಂಬ್ತಾರೆ, 1830ರಲ್ಲಿ ಪುಸ್ತಕಾನೂ ಅಚ್ಚಾಯ್ತು ಚರ್ಚೂ ಶುರುವಾಯ್ತು. 1844ರಲ್ಲಿ ಜನ ಜೈಲಿಗೇ ನುಗ್ಗಿ ಸ್ಮಿತ್ ಅವ್ರನ್ನ ಕೊಂದ್ರು. ಆಮೇಲೆ ಉಳಿದೋರು ಎತ್ತಿನ ಗಾಡೀಲಿ, ನಡ್ಕೊಂಡು, ಎರಡು ಸಾವಿರ ಕಿಲೋಮೀಟರ್ ದಾಟಿ ಈ ಉಪ್ಪಿನ ಕೆರೆ ಹತ್ರ ಬಂದು ಸೇರಿದ್ದು 1847 ಜುಲೈ 24ಕ್ಕೆ. ಮೊನ್ನೆ ಅದೇ ದಿನ ಇಲ್ಲಿ ದೀಪಾವಳಿ ಥರ ಪಟಾಕಿ, ಪಾಪು ರಾತ್ರಿಯಿಡೀ ನಿದ್ದೆ ಮಾಡ್ಲಿಲ್ಲ. ಆದ್ರೆ ಇವ್ರ ಮನೆ ಗೋಡೆ ಮೇಲೆ ಏಸುವಿನ ಪಟಾನೇ ಇರೋದು, ದಿನಾ ಅವನ ಹೆಸರಲ್ಲೇ ಪ್ರಾರ್ಥನೆ ಮಾಡ್ತಾರೆ, ಅವ್ರಿಗೆ ನೀವು ಕ್ರಿಶ್ಚಿಯನ್ನರಲ್ಲ ಅಂದ್ರೆ ತುಂಬ ನೋವಾಗತ್ತೆ. ಮಾರ್ಮನ್ ಅನ್ನೋ ಹೆಸರೂ ಬೇಡ, ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಅಂತ ಚರ್ಚಿನ ಪೂರ್ತಿ ಹೆಸರೇ ಹೇಳಿ ಅಂತ 2018ರಲ್ಲಿ ಆಗಿನ ಅಧ್ಯಕ್ಷರು ಕೇಳ್ಕೊಂಡಿದ್ರು. ಮಾತಾಡೋವಾಗ ನೆನಪಿಟ್ಕೋ.

ಮೊದಲ್ನೇ ಸಲ ಅವರ ಮನೆಗೆ ಹೋದಾಗ ನಾನು ನಮ್ಮ ತೋಟದ ಕಾಫಿಪುಡಿ ತಗೊಂಡು ಹೋಗಿದ್ದೆ. ಅವ್ರಿಗೆ ಕಾಫಿ, ಟೀ, ಹೆಂಡ, ತಂಬಾಕು ಯಾವ್ದೂ ಆಗಲ್ಲ, 1833ರಿಂದ ಬಂದ ನೇಮ. ನಂಗೆ ಗೊತ್ತೇ ಇರ್ಲಿಲ್ಲ. ಎಮಿಲಿ ಅಮ್ಮ ಎರಡೂ ಕೈಲಿ ಪೊಟ್ಟಣ ತಗೊಂಡ್ರು, ಅವರಪ್ಪ ಬಾಯಿ ಬಿಚ್ಚಿ ಮೂಸಿ ನೋಡಿ, ಇದು ನಿಮ್ಮಪ್ಪ ಬೆಳ್ದಿದ್ದಾ ಅಂತ ಕೇಳಿ, ಮತ್ತೆ ಮಡಚಿ ರಬ್ಬರ್ ಬ್ಯಾಂಡ್ ಹಾಕಿ ಷೋಕೇಸಲ್ಲಿ ಮಕ್ಕಳ ಫೋಟೋ ಪಕ್ಕ ಇಟ್ರು. ಮೊನ್ನೆ ಹೋದಾಗ್ಲೂ ಅಲ್ಲೇ ಇತ್ತು. ನೀನು ಏಕಾದಶಿ ದಿನ ಯಾರೇ ಪ್ರೀತಿಯಿಂದ ಕೊಟ್ರೂ ಅನ್ನ ಮುಟ್ಟಲ್ವಲ್ಲ, ಹಾಗೇ ಅನ್ಕೋ. ಅವ್ರಿಗೂ ತಿಂಗಳ ಮೊದಲ್ನೇ ಭಾನುವಾರ ಉಪವಾಸ, ನೀರೂ ಕುಡಿಯಲ್ಲ, ಬಿಟ್ಟ ಊಟದ ದುಡ್ಡು ಬಡವ್ರಿಗೆ ಕೊಡ್ತಾರೆ. ಅದು ಬಿಟ್ಟು ದುಡಿಮೇಲಿ ಹತ್ತರಲ್ಲಿ ಒಂದು ಪಾಲು ಚರ್ಚಿಗೆ. ಸಚ್ಚು ದುಡ್ಡು ಹೋಗತ್ತಾ ಅಂತ ಅಪ್ಪ ಕೇಳ್ತಾರೆ, ಗೊತ್ತು. ಅವನು ಸದಸ್ಯ ಅಲ್ಲ, ಅವನದು ಕೊಡಬೇಕಿಲ್ಲ.

ಈಗ ಗೀಟು ಹೊಡ್ದ ಮಾತಿಗೆ ಬರ್ತೀನಿ.

ಸತ್ತೋರನ್ನ ಇಷ್ಟು ನೆನೆಯೋ ಜನಾನ ನಾನು ನಮ್ಮೂರು ಬಿಟ್ರೆ ಬೇರೆ ಕಡೆ ನೋಡಿಲ್ಲ. ಎಮಿಲಿ ಅಜ್ಜಿ ಊಟದ ಟೇಬಲ್ ಮೇಲೆ ಒಂದು ಚಾರ್ಟ್ ಹಾಸಿದ್ರು, ಬೀಸಣಿಗೆ ಬಿಚ್ಚಿಟ್ಟ ಹಾಗೆ, ನಡುವೆ ಎಮಿಲಿ ಹೆಸರು, ಸುತ್ತ ಅಪ್ಪ ಅಮ್ಮ, ಅದರ ಸುತ್ತ ಅಜ್ಜ ಅಜ್ಜೀರು, ಹೀಗೇ ಏಳು ಸುತ್ತು. ಗಾಡಿ ದಾರೀಲಿ ತೀರ್ಕೊಂಡ ಕೂಸಿನ ಹೆಸರು ಬೇರೆ ಹಾಳೇಲಿ ಬರ್ದಿಟ್ಟಿದಾರೆ. ಆಮೇಲೆ ಸಚ್ಚು ಕಡೆ ತಿರುಗಿ ನಿನ್ನ ಅಜ್ಜನ ಅಪ್ಪನ ಹೆಸರೇನು ಮಗಾ ಅಂತ ಕೇಳಿದ್ರು. ಅವನು ತಡಬಡಾಯಿಸ್ತಾನೆ ಅನ್ಕೊಂಡೆ. ಇಲ್ಲ ಅಮ್ಮ, ಅಪ್ಪ ಪ್ರತಿ ವರ್ಷ ಶ್ರಾದ್ಧದಲ್ಲಿ ಹೇಳೋದು ಕೇಳಿ ಕೇಳಿ ಮೂರು ತಲೆ ಹೆಸರು, ಗಂಡಸರದ್ದು ಹೆಂಗಸರದ್ದು ಎರಡೂ, ಗೋತ್ರ ಸಮೇತ ಗಟಗಟ ಹೇಳ್ಬಿಟ್ಟ. ಅಜ್ಜಿ ಪೆನ್ಸಿಲಲ್ಲಿ ಬರ್ಕೊಂಡು ಒಂದೊಂದೂ ಸರಿಯಾಗಿದ್ಯಾ ಅಂತ ಮತ್ತೆ ಮತ್ತೆ ಕೇಳಿದ್ರು. ಈ ದೇಶದಲ್ಲಿ ಇಷ್ಟು ವರ್ಷದಲ್ಲಿ ನಮ್ಮ ಮುತ್ತಜ್ಜಿ ಹೆಸರು ಕೇಳಿದೋರು ಅವ್ರೊಬ್ರೇ.

ಆದ್ರೆ ಒಂದು ವಿಷ್ಯ ಮುಚ್ಚಿಡಲ್ಲ. ಅವ್ರು ಹೆಸರು ಹುಡುಕೋದು ಬರೀ ನೆನಪಿಗಲ್ಲ. ಅವರ ಟೆಂಪಲ್ ಅಂದ್ರೆ ಭಾನುವಾರದ ಚರ್ಚಲ್ಲ, ದೊಡ್ಡ ವಿಧಿಗಳಿಗೇ ಇರೋ ಬೇರೆ ಕಟ್ಟಡ. ಅದರೊಳಗೆ ಹನ್ನೆರಡು ಎತ್ತಿನ ಮೂರ್ತಿಗಳ ಬೆನ್ನ ಮೇಲೆ ನೀರಿನ ತೊಟ್ಟಿ ಇರತ್ತೆ, ಸತ್ತೋರ ಪರವಾಗಿ ಬದುಕಿರೋರು ಅದರಲ್ಲಿ ಮುಳುಗಿ ದೀಕ್ಷೆ ತಗೋತಾರೆ. ಆ ಜೀವಕ್ಕೆ ಬೇಕಿದ್ರೆ ಒಪ್ಕೋಬಹುದು, ಬೇಡ ಅಂದ್ರೆ ಬಿಡಬಹುದು ಅಂತ ನಂಬಿಕೆ. ಹಿಟ್ಲರ್ ಕಾಲದಲ್ಲಿ ಸತ್ತ ಯೆಹೂದ್ಯರ ಹೆಸರೂ ಹೀಗೆ ಸೇರಿಸಿ ದೊಡ್ಡ ಬೇಸರ ಆಗಿತ್ತು, 1995ರಲ್ಲಿ ಯೆಹೂದ್ಯರ ಜೊತೆ ಒಪ್ಪಂದಾನೂ ಆಯ್ತು, ತಮ್ಮ ತಮ್ಮ ವಂಶದೋರ ಹೆಸರು ಮಾತ್ರ ಕೊಡ್ಬೇಕು ಅಂತ ಅವ್ರಲ್ಲಿ ನಿಯಮ ಇದೆ. ನಾನು ಎಮಿಲಿನ ಪಕ್ಕಕ್ಕೆ ಕರ್ದು ನೇರ ಕೇಳಿದೆ, ನಮ್ಮಜ್ಜನ ಹೆಸರು ಅಲ್ಲಿಗೆ ಹೋಗತ್ತಾ ಅಂತ. ನಾಳೆ ನಿಮಗೆ ಮಕ್ಕಳಾದ್ರೆ ಅವ್ರಿಗೆ ನಮ್ಮಜ್ಜನೂ ವಂಶದೋರೇ ಅಲ್ವಾ ಅಂತಾನೂ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ನಿದ್ದು, ನಿಮ್ಮಪ್ಪ ಅವ್ರಿಗೋಸ್ಕರ ಮಾಡೋದನ್ನ ಮಾಡ್ತಿದಾರಲ್ಲ, ಅವ್ರನ್ನ ಕೇಳದೆ ನಾನು ಯಾವತ್ತೂ ಹೆಸರು ಕೊಡಲ್ಲ ಅಂದ್ಲು. ನಾನು ನಂಬಿದೀನಿ.

ಅಮ್ಮ, ನಾವೆಲ್ಲ ನಮ್ಮ ಹುಡುಗ ಕೈತಪ್ಪಿ ಹೋಗ್ತಾನೆ ಅಂತಾನೇ ಯೋಚ್ನೆ ಮಾಡ್ತಿದೀವಿ. ಅವಳ ಕಡೆ ನೋಡಿದ್ರೆ ಬೇರೇನೇ ಕಾಣತ್ತೆ. ನಾವು ಏಳೇಳು ಜನ್ಮಕ್ಕೂ ಅಂತೀವಿ. ಅವ್ರಲ್ಲಿ ಪುನರ್ಜನ್ಮ ಇಲ್ಲ, ಆದ್ರೆ ಟೆಂಪಲಲ್ಲಿ ಮದುವೆಯಾದ್ರೆ ಸತ್ತ ಮೇಲೂ ಗಂಡ, ಹೆಂಡತಿ, ಮಕ್ಕಳು ಒಟ್ಟಿಗೇ ಇರ್ತಾರೆ, ಆ ಬಂಧಕ್ಕೆ ಸೀಲಿಂಗ್ ಅಂತಾರೆ. ಅವರ ಮತದಲ್ಲಿ ಅದಕ್ಕಿಂತ ದೊಡ್ಡದು ಇಲ್ಲ. ಟೆಂಪಲ್ ಒಳಗೆ ನೇಮದಲ್ಲಿರೋ ಸದಸ್ಯರಿಗೆ ಮಾತ್ರ ಪ್ರವೇಶ, ಹೆತ್ತವರಾದ್ರೂ ಸರಿ, ಸದಸ್ಯರಲ್ಲ ಅಂದ್ರೆ ಹೊರಗೇ. ಸಚ್ಚು ಸೇರಲ್ಲ, ಹಾಗಾಗಿ ಎಮಿಲಿಗೆ ಆ ಮದುವೆ ಸಿಗಲ್ಲ. ಚಿಕ್ಕ ವಯಸ್ಸಿಂದ ಕನಸು ಕಂಡಿದ್ದನ್ನ ಬಿಟ್ಟು ಇವನ ಕೈ ಹಿಡೀತಿದಾಳೆ. ಇವನೇ ಒಂದು ದಿನ, ನಿನಗೋಸ್ಕರ ಸೇರ್ತೀನಿ ಅಂದಿದ್ನಂತೆ. ನಂಬಿಕೆ ಇಲ್ಲದೆ ಆ ನೀರಿಗೆ ಇಳೀಬೇಡ ಅಂತ ಅವಳೇ ತಡೆದ್ಲು. ಮೊನ್ನೆ ಊಟ ಆದ್ಮೇಲೆ ಪಾತ್ರೆ ಒರೆಸ್ತಾ ಎಮಿಲಿ ಅಮ್ಮ ಟವೆಲ್ ಮುಖಕ್ಕೆ ಒತ್ಕೊಂಡು ಅತ್ರು. ನಿಮ್ಮ ತಮ್ಮ ತುಂಬ ಒಳ್ಳೆ ಹುಡುಗ, ಆದ್ರೆ ಆ ಚಾರ್ಟಲ್ಲಿ ನನ್ನ ಮಗಳ ಹತ್ರ ಬಂದು ಕೊಂಡಿ ಕಳಚತ್ತಲ್ಲ ಅಂದ್ರು. ನಂಗೆ ನಿನ್ನ ಮೂರನೇ ಪುಟ ನೆನಪಾಯ್ತು.

ಮದುವೆ ಅವರ ಏರಿಯಾ ಚರ್ಚಿನ ಹಾಲಲ್ಲಿ, ಅಲ್ಲಿಗೆ ಯಾರು ಬೇಕಾದ್ರೂ ಹೋಗಬಹುದು, ನೀವು ಮುಂದಿನ ಸಾಲಲ್ಲೇ ಕೂರ್ತೀರ. ಮಾಡಿಸೋರು ಬಿಷಪ್, ನಿಲುವಂಗಿ ಹಾಕ್ಕೊಂಡೋರಲ್ಲ, ವಾರವಿಡೀ ತಮ್ಮ ಕೆಲಸ ಮಾಡ್ಕೊಂಡು ಸಂಬಳ ಇಲ್ಲದೆ ಚರ್ಚ್ ನೋಡ್ಕೊಳ್ಳೋ ಮನುಷ್ಯ. ನಮ್ಮ ಧಾರೆ ಸ್ಪ್ಯಾನಿಷ್ ಫೋರ್ಕ್ ರಾಧಾಕೃಷ್ಣ ದೇವಸ್ಥಾನದಲ್ಲಿ ಅಂತ ಸಚ್ಚು ಆಸೆ. ಗುಡ್ಡದ ಮೇಲೆ ಬಿಳೀ ಗೋಪುರ, ಅಂಗಳದಲ್ಲಿ ಲಾಮಾ ಅನ್ನೋ ಒಂಟೆ ಜಾತಿಯ ಪ್ರಾಣಿ, ನವಿಲು. ಅಲ್ಲಿ ಹೋಳಿ ಹಬ್ಬಕ್ಕೆ ಬರೋರಲ್ಲಿ ಎಷ್ಟೋ ಜನ ಇವರ ಚರ್ಚಿನ ಹುಡುಗ ಹುಡುಗೀರೇ, ಬಣ್ಣದಲ್ಲಿ ಮುಳುಗಿ ಹರೇ ಕೃಷ್ಣ ಹಾಡ್ತಾರೆ, ಹೆಂಡದ ಗಲಾಟೆ ಇಲ್ಲ. ಯಾರು ಯಾವ ದೇವರನ್ನ ಹೇಗೆ ಪೂಜಿಸಿದ್ರೂ ಅವರ ಹಕ್ಕು ಅಂತ ಜೋಸೆಫ್ ಸ್ಮಿತ್ತೇ ಬರ್ದಿಟ್ಟಿದಾರೆ.

ಮಕ್ಕಳ ವಿಷ್ಯ ಮಾತ್ರ ತೀರ್ಮಾನ ಆಗಿಲ್ಲ. ಅವ್ರಲ್ಲಿ ಎಂಟನೇ ವಯಸ್ಸಿಗೆ ದೀಕ್ಷೆ, ನಮ್ಮಲ್ಲೂ ಎಂಟಕ್ಕೇ ಉಪನಯನದ ಮಾತು. ಇಬ್ರೂ ಮಾತಾಡ್ತಿದಾರೆ, ಮದುವೆಗೆ ಮುಂಚೇನೇ ಒಂದು ನಿರ್ಧಾರಕ್ಕೆ ಬನ್ನಿ ಅಂತ ಗಟ್ಟಿಯಾಗಿ ಹೇಳಿದೀನಿ. ನಿಮ್ಮ ತಿಥಿ ಸಚ್ಚು ಮಾಡ್ತಾನೆ, ನನ್ನ ಮುಂದೆ ಮಾತು ಕೊಟ್ಟಿದಾನೆ, ಆ ಚಿಂತೆ ಬಿಡು. ಬಿಟ್ಟೇಬಿಡು. ನಾನಿಲ್ಲಿ ಇದೀನಿ, ಏನೂ ಆಗಲ್ಲ.

ಒಂದೇ ಕೇಳ್ಕೊಳ್ಳೋದು, ಎಮಿಲಿ ಅಮ್ಮನ ಜೊತೆ ಒಂದ್ಸಲ ಮಾತಾಡು. ಶನಿವಾರ ನಿಮ್ಮ ರಾತ್ರಿ ಎಂಟೂವರೆಗೆ ವಿಡಿಯೋ ಕಾಲ್ ಮಾಡ್ತೀನಿ, ನಮಗೆ ಬೆಳಿಗ್ಗೆ ಒಂಬತ್ತು. ಭಾಷೆ ನಾನು ನೋಡ್ಕೋತೀನಿ. ಅಪ್ಪನೂ ಪಕ್ಕದಲ್ಲಿರ್ಲಿ, ಬೀಪಿ ಮಾತ್ರೆ ತಪ್ಪಿಸ್ಬೇಡಿ ಅನ್ನು. ಪಾಪು ಎದ್ದ, ಅಳ್ತಿದಾನೆ, ನಿಲ್ಲಿಸ್ತೀನಿ. ಬಾಳೆಕಾಯಿ ಸಂಡಿಗೆ ಯಾರ ಹತ್ರನಾದ್ರೂ ಕಳ್ಸು.

ಇಂತಿ,
ನಿನ್ನ ಸುಮಿ